ಕೇಪಿನ ಕೋವಿಯೂ ಕಾಡಿನ ಜಿಂಕೆಯೂ

ದಸರೆಗೆ ಇನ್ನೂ ಕೆಲವು ವಾರ ಇರುವಾಗಲೇ ಮೈಸೂರಿನಲ್ಲಿ ಕುಶಾಲತೋಪಿನ ತಾಲೀಮು ಶುರುವಾಗುತ್ತದೆ. ಫಿರಂಗಿಗಳಿಗೆ ಪೂಜೆಯಾಗುತ್ತದೆ, ಆನೆ ಕುದುರೆಗಳನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ನಗರ ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿಯಲ್ಲಿ ಒಬ್ಬರು ಮದ್ದಿನ ಪೊಟ್ಟಣವನ್ನು ಫಿರಂಗಿಯ ಬಾಯಿಗೆ ಇಳಿಸುತ್ತಾರೆ, ಇನ್ನೊಬ್ಬರು ಉದ್ದನೆಯ ಕೋಲಿನಿಂದ ಅದನ್ನು ತಳಕ್ಕೆ ಜಡಿಯುತ್ತಾರೆ, ಮತ್ತೊಬ್ಬರು ಹಿಂಬದಿಯ ಕಿಂಡಿಗೆ ಬೆಂಕಿ ತಾಗಿಸುತ್ತಾರೆ. ನೆಲ ಅದುರುತ್ತದೆ, ಬಿಳಿ ಹೊಗೆ ಆಳೆತ್ತರಕ್ಕೆ ಏಳುತ್ತದೆ. ಹೊಗೆ ಚದುರುವ ಮೊದಲೇ ಒದ್ದೆ ಬಟ್ಟೆ ಸುತ್ತಿದ ಕೋಲು ನಳಿಗೆಯೊಳಗೆ ಇಳಿದಿರುತ್ತದೆ. ಒಳಗೆ ಒಂದೇ ಒಂದು ಕಿಡಿ ಉಳಿದಿದ್ದರೂ ಮುಂದಿನ ಪೊಟ್ಟಣ ತುಂಬುವವರ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. ಏಳು ಫಿರಂಗಿ, ತಲಾ ಮೂರು ಸುತ್ತು, ಒಟ್ಟು 21 ತೋಪು. ವಿಜಯದಶಮಿಯ ದಿನ ಚಿನ್ನದ ಅಂಬಾರಿಗೆ ಪುಷ್ಪಾರ್ಚನೆಯಾಗಿ ರಾಷ್ಟ್ರಗೀತೆ ಮೊಳಗುವಾಗ ಇಷ್ಟೂ ತೋಪು ಹಾರಬೇಕು. ಅದಕ್ಕೇ ಅಷ್ಟು ದಿನಗಳ ತಾಲೀಮು.

ಬಾಯಿಯಿಂದ ಮದ್ದು ತುಂಬುವ ಆಯುಧದ ಸಂಗತಿಯೆಲ್ಲ ಈ ತಾಲೀಮಿನಲ್ಲೇ ಇದೆ. ಕೊಡಗು, ಮಲೆನಾಡು, ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಹಳೆಯ ಮನೆಗಳ ಗೋಡೆಯಲ್ಲಿ ತೂಗುತ್ತಿದ್ದ ಕೇಪಿನ ಕೋವಿ ಇದೇ ಫಿರಂಗಿಯ ಕಿರಿಯ ತಮ್ಮ. ಪೊಲೀಸರ ಪರವಾನಗಿ ಪುಸ್ತಕದಲ್ಲಿ ಅದು ಎಸ್‌ಬಿಎಂಎಲ್, ಅಂದರೆ ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೋವಿ. ಅಮೆರಿಕದಲ್ಲಿ ಈ ಬಗೆಯ ಕೋವಿ ಇಂದಿಗೂ ಜಿಂಕೆ ಬೇಟೆಗೆ ಬಳಕೆಯಲ್ಲಿದೆ. ಅಜ್ಜನ ಕಾಲದ ಕೋವಿ ಒಳ್ಳೆಯದೋ, ಹೊಸ ತಂತ್ರದ್ದು ಒಳ್ಳೆಯದೋ ಎಂಬ ಚರ್ಚೆ ಅಲ್ಲಿ ದಶಕಗಳಿಂದ ನಡೆದಿದೆ. ಜಿಂಕೆಯೂ ಕೋವಿಯೂ ಎರಡೂ ಇರುವ ನಮ್ಮ ಸೀಮೆಯಲ್ಲಿ ಆ ಪ್ರಶ್ನೆಗೆ ಉತ್ತರವೇನು?

ಮದ್ದು, ಗಜ, ಕೇಪು

ಮದ್ದಿನ ಕೋವಿಗೆ ಹಿಂದಿನಿಂದ ತೋಟಾ ತೂರಿಸುವ ಸೌಕರ್ಯವಿಲ್ಲ. ನಳಿಗೆಯ ಹಿಂಬದಿ ಮುಚ್ಚಿರುತ್ತದೆ. ಅಳತೆಯ ಕಪ್ಪು ಮದ್ದನ್ನು ಬಾಯಿಯಿಂದ ಸುರಿಯಬೇಕು, ಅದರ ಮೇಲೆ ನಾರನ್ನೋ ಬಟ್ಟೆಯ ಚೂರನ್ನೋ ಇಟ್ಟು ಗಜದಿಂದ, ಅಂದರೆ ಜಡಿಯುವ ಕೋಲಿನಿಂದ, ಜಡಿಯಬೇಕು, ಆಮೇಲೆ ಗುಂಡು ಅಥವಾ ಚರೆ, ಅದು ಉರುಳಿ ಬೀಳದಂತೆ ಮೇಲೊಂದು ತಡೆ. ಪಳಗಿದ ಕೈಗೂ ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲದ ಕೆಲಸ. ಕೋವಿಯಲ್ಲಿರುವುದು ಒಂದೇ ಈಡು. ಗುರಿ ತಪ್ಪಿದರೆ ಇನ್ನೊಮ್ಮೆ ತುಂಬುವ ಹೊತ್ತಿಗೆ ಪ್ರಾಣಿ ಮೂರು ಗುಡ್ಡ ದಾಟಿರುತ್ತದೆ.

ಮದ್ದಿಗೆ ಬೆಂಕಿ ಮುಟ್ಟಿಸುವ ಬಗೆಯಲ್ಲಿ ಶತಮಾನಗಳ ಉದ್ದಕ್ಕೂ ಬದಲಾವಣೆಗಳಾದವು. ಮೊದಲು ಬಂದದ್ದು ಹೊಗೆಯಾಡುವ ಬತ್ತಿಯ ಕೋವಿ. ಮಳೆ ಬಂದರೆ ಬತ್ತಿ ಆರುತ್ತಿತ್ತು, ರಾತ್ರಿ ಅದರ ಕೆಂಡವೇ ಬೇಟೆಗಾರನ ಗುಟ್ಟು ಬಿಟ್ಟುಕೊಡುತ್ತಿತ್ತು. ನಂತರ ಬಂದದ್ದು ಚಕಮಕಿ ಕೋವಿ. ಕುದುರೆ ಎಂಬ ಬಡಿಯುವ ಕೀಲಿನ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಮೇಲೆ ಬಡಿದು ಕಿಡಿ ಹಾರಿಸುತ್ತದೆ. ಕಿಡಿ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ತಾಗಿ, ಅಲ್ಲಿಂದ ಸಣ್ಣ ತೂತಿನ ಮೂಲಕ ನಳಿಗೆಯೊಳಗೆ ಹೋಗುತ್ತದೆ. ಕುದುರೆ ಬಿದ್ದ ಮೇಲೆ ಗುಂಡು ಹಾರುವ ಮುನ್ನ ಕಣ್ಣಿಗೆ ಕಾಣುವಷ್ಟು ಬಿಡುವಿರುತ್ತದೆ. ಆ ಕ್ಷಣದಲ್ಲಿ ಕೈ ಅಲುಗಿದರೆ ಗುರಿ ಕೆಟ್ಟಿತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಬಡಿದರೆ ಹೊತ್ತುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ ಪೇಟೆಂಟ್ ಪಡೆದ. ಅದರ ಮುಂದಿನ ರೂಪವೇ ತಾಮ್ರದ ಪುಟ್ಟ ಟೋಪಿಯಂಥ ಕೇಪು. ತೊಟ್ಟಿನ ಮೇಲೆ ಕೇಪು ಕೂರಿಸಿ ಕುದುರೆ ಬೀಳಿಸಿದರೆ ಮಳೆಗಾಲದಲ್ಲೂ ಈಡು ಹಾರುವ ಭರವಸೆ ಹೆಚ್ಚು. ಮಲೆಸೀಮೆಗೆ ಈ ಕೋವಿ ಒಗ್ಗಿಹೋದದ್ದು ಇದೇ ಕಾರಣಕ್ಕೆ.

ಕಪ್ಪು ಮದ್ದಿನ ಗುಣ ಮಾತ್ರ ಬದಲಾಗಲಿಲ್ಲ. ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಮಸಿ ಮತ್ತು ಹೊಗೆಯಾಗಿ ಉಳಿಯುತ್ತದೆ. ಮಸಿ ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಈಡು ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ಕೋವಿ ಕೈಕೊಡುತ್ತದೆ. ಮದ್ದು ಒಣಗಿರಬೇಕು ಎಂಬ ಕಾಳಜಿ ಎಷ್ಟಿತ್ತೆಂದು ನೋಡಲು ಮೈಸೂರಿನಿಂದ ಹದಿನೈದೇ ಕಿಲೋಮೀಟರ್ ದೂರದ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಅಲ್ಲಿ ಟಿಪ್ಪು ಕಾಲದ ಮದ್ದಿನ ಮನೆಗಳು ಇಟ್ಟಿಗೆ ಗಾರೆಯ ದಪ್ಪ ಗೋಡೆಗಳೊಂದಿಗೆ ಇನ್ನೂ ನಿಂತಿವೆ. ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿದ್ದ ಒಂದನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರಮೂವತ್ತು ಮೀಟರಿನಷ್ಟು ದೂರಕ್ಕೆ ಸರಿಸಿದರು.

ಶ್ರೀರಂಗಪಟ್ಟಣದಿಂದ ಕೊಡಗಿಗೆ

ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕೋವಿಗಳು ಆ ಕಾಲದ ಒಳ್ಳೆಯ ಕೈಕೆಲಸದ ಮಾದರಿಗಳು. ಲೋಹದ ಭಾಗಗಳಲ್ಲಿ ಹುಲಿಯ ಮುಖ, ಹುಲಿಯ ಪಟ್ಟೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವು ಲೂಟಿಯ ಪಾಲಾದವು. ಉತ್ತಮವಾದವು ಇಂದಿಗೂ ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ಮೈಸೂರು ಸೀಮೆಯ ಕಮ್ಮಾರರು ನಳಿಗೆ ಬೆಸೆಯುವುದರಲ್ಲೂ ಕೀಲು ಕೂರಿಸುವುದರಲ್ಲೂ ಯಾರಿಗೂ ಕಡಿಮೆಯಿರಲಿಲ್ಲ ಎಂಬುದಕ್ಕೆ ಆ ಕೋವಿಗಳೇ ಸಾಕ್ಷಿ.

1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಹೊರಟರು. 1861ರಲ್ಲಿ ಕೊಡಗಿನವರಿಗೆ ಮಾತ್ರ ಅದರಿಂದ ವಿನಾಯಿತಿ ಸಿಕ್ಕಿತು. ಸ್ವತಂತ್ರ ಭಾರತವೂ ಅದನ್ನು ಉಳಿಸಿಕೊಂಡಿತು. 2019ರ ಅಕ್ಟೋಬರ್ 29ರ ಅಧಿಸೂಚನೆ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಹಿಡುವಳಿ ಉಳ್ಳವರಿಗೂ ವಿನಾಯಿತಿಯನ್ನು ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಒರೆಸಿ, ಕತ್ತಿಗಳ ಜೊತೆ ಪೂಜೆಗಿಟ್ಟು, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಆಕಾಶಕ್ಕೆ ಹಾರಿಸಿ ಊರಿಗೆ ತಿಳಿಸುವುದು ಅಲ್ಲಿನ ಪದ್ಧತಿ. ಕೋವಿ ಅಲ್ಲಿ ಮನೆತನದ ಮಾತು. ಆದರೆ ಈ ವಿನಾಯಿತಿ ಆಯುಧ ಇಟ್ಟುಕೊಳ್ಳುವುದಕ್ಕೆ ಮಾತ್ರ. ಬೇಟೆಯಾಡುವ ಹಕ್ಕು ಅದರಲ್ಲಿ ಸೇರಿಲ್ಲ.

ಮಲೆನಾಡಿನ ಬೇಟೆಯ ಲೋಕ ಕನ್ನಡದ ಓದುಗರಿಗೆ ಹೊಸದೂ ಅಲ್ಲ, ಅದು ಮೈಸೂರಿನಿಂದ ದೂರವೂ ಅಲ್ಲ. ಜೀವನದ ಬಹುಪಾಲನ್ನು ಮೈಸೂರಿನಲ್ಲೇ ಕಳೆದ ಕುವೆಂಪು ತಮ್ಮ ಬಾಲ್ಯದಲ್ಲಿ ಹಳು ಸೋವಿ, ಅಂದರೆ ಪೊದೆಗಳಿಂದ ಪ್ರಾಣಿಗಳನ್ನು ಎಬ್ಬಿಸಿ ಓಡಿಸಿದ ದಿನಗಳನ್ನು, ಅವು ಹಾಯುವ ಕಡೆ ಕಾಯುತ್ತ ಬಿಲ್ಲಿಗೆ ನಿಂತ ಬೇಟೆಗಾರರನ್ನು ಗದ್ಯದಲ್ಲಿ ಉಳಿಸಿಕೊಟ್ಟರು. ಅವರ ಮಗ ಪೂರ್ಣಚಂದ್ರ ತೇಜಸ್ವಿ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದರು, ಮುಂದೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದರು. ನಮ್ಮ ಸಾಹಿತ್ಯ ಕೋವಿಯ ರುಚಿ ಕಂಡಿದೆ, ಅದನ್ನು ಕೆಳಗಿಡುವುದನ್ನೂ ಕಲಿತಿದೆ.

ಅಮೆರಿಕದ ಹೊಸ ಕೋವಿ

ಅಮೆರಿಕದಲ್ಲಿ ಬೇಟೆ ಕಾನೂನುಬದ್ಧ. ಪ್ರತಿ ರಾಜ್ಯವೂ ಋತು, ಪ್ರದೇಶ, ಸಂಖ್ಯೆ ಗೊತ್ತುಮಾಡಿ ಪರವಾನಗಿ ಕೊಡುತ್ತದೆ. ಆಧುನಿಕ ರೈಫಲ್ಲಿನ ಋತು ಬೇರೆ, ಬಿಲ್ಲುಬಾಣದ್ದು ಬೇರೆ, ಬಾಯಿಯಿಂದ ಮದ್ದು ತುಂಬುವ ಕೋವಿಯದ್ದು ಬೇರೆ. ಒಂದೇ ಈಡಿನ ಕೋವಿ ಹಿಡಿದವರು ಕಡಿಮೆ ಪ್ರಾಣಿ ಕೊಲ್ಲುತ್ತಾರೆ, ಹೆಚ್ಚು ಹತ್ತಿರ ಹೋಗಬೇಕಾಗುತ್ತದೆ, ಆದ್ದರಿಂದ ಅವರಿಗೆ ಹೆಚ್ಚು ದಿನ ಕೊಡಬಹುದು ಎಂಬುದು ಈ ವ್ಯವಸ್ಥೆಯ ಹಿಂದಿನ ಲೆಕ್ಕ. 1974ರಲ್ಲಿ ಪೆನ್ಸಿಲ್ವೇನಿಯಾ ಚಕಮಕಿ ಕೋವಿಗೆಂದೇ ಒಂದು ಜಿಂಕೆ ಋತು ಶುರುಮಾಡಿತು. ಕ್ರಿಸ್‌ಮಸ್ ನಂತರದ ಹಿಮದಲ್ಲಿ ಜನ ಕಲ್ಲು ಕಿಡಿಯ ಕೋವಿ ಹಿಡಿದು ಇಂದಿಗೂ ಕಾಡಿಗೆ ಹೋಗುತ್ತಾರೆ.

1985ರಲ್ಲಿ ಟೋನಿ ನೈಟ್ ಎಂಬ ಕುಶಲಕರ್ಮಿ ಎಂಕೆ-85 ಎಂಬ ಕೋವಿಯನ್ನು ಮಾರುಕಟ್ಟೆಗೆ ತಂದ. ಹಳೆಯದರಲ್ಲಿ ಪಕ್ಕದಿಂದ ಬಳಸಿ ಬರುತ್ತಿದ್ದ ಬೆಂಕಿ ಇದರಲ್ಲಿ ಮದ್ದಿನ ಬೆನ್ನಿಗೇ, ನೇರ ರೇಖೆಯಲ್ಲಿ ಬೀಳುತ್ತಿತ್ತು. ಇದನ್ನು ಇನ್‌ಲೈನ್ ಎಂದರು. ಮುಂದೆ ಬಂದ ಮಾದರಿಗಳಲ್ಲಿ ತೆರೆದ ಕೇಪಿನ ಬದಲು ತೋಟಾ ಕೋವಿಯ ಬಲವಾದ ಪ್ರೈಮರ್ ಮಳೆ ತಾಗದಂತೆ ಒಳಗೆ ಕೂರುತ್ತದೆ. ಅಳೆದು ಸುರಿಯುವ ಮದ್ದಿನ ಬದಲು ಮಾತ್ರೆಯಂತೆ ಒತ್ತಿದ ಬದಲಿ ಮದ್ದು. ದುಂಡನೆಯ ಸೀಸದ ಗುಂಡಿನ ಬದಲು ಪ್ಲಾಸ್ಟಿಕ್ ತೊಟ್ಟಿಲಲ್ಲಿ ಕೂತ ಚೂಪು ಗುಂಡು. ಮೇಲೆ ದೂರದರ್ಶಕ. ಹಿಂಬದಿಯ ತಿರುಪು ಬಿಚ್ಚಿದರೆ ನಳಿಗೆ ಈ ತುದಿಯಿಂದ ಆ ತುದಿಗೆ ಕಾಣುತ್ತದೆ, ತೊಳೆಯುವುದು ಸಲೀಸು. ದುಂಡು ಗುಂಡಿನ ಹಳೆಯ ಕೋವಿಯಲ್ಲಿ ಜಿಂಕೆಗೆ ನೂರು ಗಜದೊಳಗೆ ಬರಬೇಕಿದ್ದವರು ಇದರಲ್ಲಿ ಇನ್ನೂರು ಗಜದಿಂದಲೂ ಹೊಡೆಯಬಲ್ಲರು.

ಚರ್ಚೆ ಹುಟ್ಟಿದ್ದು ಇಲ್ಲಿಯೇ. ದುಂಡು ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಅದನ್ನು ಅರಿತವರು ಹತ್ತಿರಕ್ಕೆ ನುಸುಳಿ, ಖಚಿತವಾದಾಗ ಮಾತ್ರ ಹೊಡೆಯುತ್ತಾರೆ. ಈ ಸಂಯಮವೇ ಬೇಟೆಯ ನೀತಿ, ಹೊಸ ಕೋವಿ ಅದನ್ನು ಕೊಂದಿತು ಎನ್ನುತ್ತಾರೆ ಹಳೆಯ ಪಂಥದವರು. ಹೊಸ ಕೋವಿಯ ಗುಂಡು ಗುರಿಗೆ ಸರಿಯಾಗಿ ತಾಗುತ್ತದೆ, ಪ್ರಾಣಿ ಗಾಯಗೊಂಡು ನರಳಿ ಸಾಯುವುದು ತಪ್ಪುತ್ತದೆ ಎನ್ನುವುದು ಎದುರು ಪಂಥದ ವಾದ. ಎರಡರಲ್ಲೂ ಸತ್ಯವಿದೆ. ಪೆನ್ಸಿಲ್ವೇನಿಯಾ ಆ ಋತುವಿಗೆ ಚಕಮಕಿಯನ್ನೇ ಉಳಿಸಿಕೊಂಡಿದೆ, ಕೆಲವು ರಾಜ್ಯಗಳು ದೂರದರ್ಶಕ ಬೇಡವೆನ್ನುತ್ತವೆ, ಉಳಿದ ಹಲವು ಎರಡನ್ನೂ ಒಪ್ಪಿವೆ. ನಿಧಾನದ ಕೋವಿ ಅಲ್ಲಿ ಸಂಯಮದ ಸಾಧನವಾಗಿರುವುದು ಅದರ ಹಿಂದೆ ಋತು, ಲೆಕ್ಕ, ಪರವಾನಗಿ, ಕಾವಲು ಇರುವುದರಿಂದ. ಅವಿಲ್ಲದಿದ್ದರೆ ನಿಧಾನದ ಕೋವಿಯೂ ಕಾಡನ್ನು ಖಾಲಿ ಮಾಡುತ್ತದೆ.

ವೇಗ ಹೆಚ್ಚಿದಾಗ ಕಾಡಿಗೆ ಆದದ್ದು

ಕಡಿವಾಣವಿಲ್ಲದ ಕೋವಿ ಕಾಡನ್ನು ಬರಿದುಮಾಡುತ್ತದೆ ಎಂಬುದಕ್ಕೆ ಪುರಾವೆ ಮೈಸೂರಿನಲ್ಲೇ ಇದೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಹಿಂದಿನಿಂದ ತೋಟಾ ತುಂಬುವ ಕೋವಿಗಳು ಬಂದವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ರೈಫಲ್ಲಿನ ಶಕ್ತಿ, ದೂರ ಎರಡೂ ಏರಿದವು. ರೈಲು ಬಂತು, ಮೋಟಾರು ಬಂತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಬೆಳೆದ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಸತ್ತ ಪ್ರಾಣಿಗಳ ಚರ್ಮ ಹದಮಾಡಿ, ಜೀವಂತವೆನ್ನುವಂತೆ ತುಂಬಿಕೊಡುವುದರಲ್ಲಿ ಜಗತ್ಪ್ರಸಿದ್ಧವಾಯಿತು. ದೇಶದ ಮೂಲೆಮೂಲೆಯ ರಾಜರು, ಅಧಿಕಾರಿಗಳು, ವಿದೇಶಿ ಅತಿಥಿಗಳು ತಾವು ಹೊಡೆದದ್ದನ್ನು ಇಲ್ಲಿಗೆ ಕಳಿಸುತ್ತಿದ್ದರು. ಅಲ್ಲಿ ಹದಗೊಂಡ ಹುಲಿ ಚಿರತೆಗಳೇ ನಲವತ್ತು ಸಾವಿರ ಮೀರುತ್ತವೆಂದು ಅದರ ಚರಿತ್ರೆ ಬರೆದವರು ಲೆಕ್ಕ ಹಾಕಿದ್ದಾರೆ. ಕೈಕೆಲಸ ಅದ್ಭುತವಾಗಿತ್ತು. ಆದರೆ ಆ ಸಂಖ್ಯೆ ನಮ್ಮ ಕಾಡುಗಳು ಬರಿದಾದ ಪರಿಯ ದಾಖಲೆಯೂ ಹೌದು. ಸ್ವಾತಂತ್ರ್ಯದ ನಂತರ ಜೀಪು, ಸರ್ಚ್‌ಲೈಟು ಸೇರಿ ಉಳಿದದ್ದನ್ನೂ ಬಳಿದವು. ದೇಶದಿಂದ ಚೀತಾ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಬೇಕಾಯಿತು.

ಅದೇ 1952ರ ನವೆಂಬರ್ ಕೊನೆಯಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ಸ್ಥಾಪನೆಯಾದ ಕೇಂದ್ರ ಮಂಡಳಿಯ ಮೊದಲ ಸಭೆ ಮೈಸೂರಿನಲ್ಲಿ ನಡೆಯಿತು. ಅಧ್ಯಕ್ಷರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಾರಿಕೆಗೆ ಮಿತಿ ಹೇರುವ ಶಾಸನ ತಂದಿತ್ತು, 1931ರಲ್ಲಿ ಬಂಡೀಪುರದಲ್ಲಿ 90 ಚದರ ಕಿಲೋಮೀಟರಿನ ವನ್ಯಧಾಮ ಮಾಡಿತ್ತು, ಹತ್ತು ವರ್ಷದಲ್ಲಿ ಅದನ್ನು ಹಲವು ಪಟ್ಟು ಹಿಗ್ಗಿಸಿತ್ತು. ಬೇಟೆಯ ವೈಭವ ಕಂಡ ಊರೇ ಬೇಟೆಗೆ ಕಡಿವಾಣ ಹಾಕುವ ಕೆಲಸದಲ್ಲೂ ಮುಂದೆ ನಿಂತಿತು. ಇದನ್ನು ಮೈಸೂರಿಗರು ಹೆಮ್ಮೆಯಿಂದ ಹೇಳಿಕೊಳ್ಳಬೇಕು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಮರುವರ್ಷ ಹುಲಿ ಯೋಜನೆ. ಬಂಡೀಪುರ ಅದರ ಮೊದಲ ತಾಣಗಳಲ್ಲೊಂದು. ಬೇಟೆ ನಿಂತ ಮೇಲೆ ವ್ಯಾನ್ ಇಂಗೆನ್ ಕಾರ್ಖಾನೆಯ ಕೆಲಸವೂ ಕುಗ್ಗಿ, 1999ರಲ್ಲಿ ಬಾಗಿಲು ಮುಚ್ಚಿತು.

ಜಿಂಕೆ ಯಾರ ಪಾಲು?

ಅಮೆರಿಕದ ಪೂರ್ವ ರಾಜ್ಯಗಳಲ್ಲಿ ತೋಳವೂ ಪ್ಯೂಮಾವೂ ಬಹುಕಾಲದ ಹಿಂದೆಯೇ ಬಹುತೇಕ ನಿರ್ನಾಮವಾದವು. ಬಿಳಿಬಾಲದ ಜಿಂಕೆಗಳನ್ನು ಮಿತಿಯಲ್ಲಿಡುವ ಕೆಲಸ ಅಲ್ಲಿ ಮನುಷ್ಯನ ಮೇಲೆ ಬಿದ್ದಿದೆ. ನಮ್ಮಲ್ಲಿ ಹಾಗಿಲ್ಲ. ಮೈಸೂರಿನಿಂದ ಎರಡು ಗಂಟೆಯ ದಾರಿಯೊಳಗೆ ಬಂಡೀಪುರ, ನಾಗರಹೊಳೆ ಎರಡೂ ಇವೆ. 2022ರ ಗಣತಿಯಂತೆ ಕರ್ನಾಟಕದ 563 ಹುಲಿಗಳಲ್ಲಿ 150 ಬಂಡೀಪುರದವು, 141 ನಾಗರಹೊಳೆಯವು. ಚಿರತೆ, ಸೀಳುನಾಯಿಗಳೂ ಅದೇ ಕಾಡಿನಲ್ಲಿ ಹೊಟ್ಟೆ ಹೊರೆಯಬೇಕು.

ನಾಗರಹೊಳೆಯಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿದ ಉಲ್ಲಾಸ ಕಾರಂತರು ಕೊಟ್ಟ ಲೆಕ್ಕ ಸರಳವಾಗಿದೆ: ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. ಬಲಿಪ್ರಾಣಿಗಳ ಸಂಖ್ಯೆ ಕುಗ್ಗದೆ ಅಷ್ಟು ಸಿಗಬೇಕಾದರೆ ಒಂದು ಹುಲಿಯ ಹಿಂದೆ ಸುಮಾರು 500 ಪ್ರಾಣಿಗಳ ಹಿಂಡು ಇರಬೇಕು. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಕಾಟಿ, ಹಂದಿ ಎಲ್ಲವೂ ಈ ಲೆಕ್ಕದೊಳಗೆ ಬರುತ್ತವೆ. ಒಬ್ಬ ಕಳ್ಳಬೇಟೆಗಾರ ರಾತ್ರಿ ಕಡವೆಯೊಂದನ್ನು ಉರುಳಿಸಿದರೆ ಒಂದು ಹುಲಿಯ ವಾರದೂಟ ಹೋಯಿತು. ಹುಲಿಗೆ ಊಟ ಸಿಗದಿದ್ದರೆ ಅದು ಕಾಡಂಚಿನ ದನದ ಕೊಟ್ಟಿಗೆಗೆ ಬರುತ್ತದೆ. ಆಗ ನಷ್ಟವಾಗುವುದು ಜಿಂಕೆಮಾಂಸ ತಿಂದವನಿಗಲ್ಲ, ಹಸು ಕಳೆದುಕೊಂಡ ರೈತನಿಗೆ.

ಕಾಡಂಚಿನಲ್ಲಿ ಕದ್ದು ನಡೆಯುವ ಬೇಟೆಯಲ್ಲಿ ಇಂದಿಗೂ ಹೆಚ್ಚಾಗಿ ಸಿಕ್ಕಿಬೀಳುವುದು ಉರುಳು ಮತ್ತು ನಾಡಬಂದೂಕು. ಗೀರಿಲ್ಲದ ನಯ ನಳಿಗೆಯಿಂದ ಹಾರುವ ಚರೆ ಮೂವತ್ತು ನಲವತ್ತು ಗಜ ದಾಟಿದರೆ ಚದುರಿ ಬಲ ಕಳೆದುಕೊಳ್ಳುತ್ತದೆ. ಎಪ್ಪತ್ತು ಎಂಬತ್ತು ಕಿಲೋ ತೂಗುವ ಗಂಡು ಚುಕ್ಕೆ ಜಿಂಕೆಯ ಹೊಟ್ಟೆಗೆ, ತೊಡೆಗೆ ತಾಗಿದ ಚರೆ ಅದನ್ನು ಅಲ್ಲೇ ಕೆಡವುವುದಿಲ್ಲ. ಪ್ರಾಣಿ ಹಳುವಿಗೆ ನುಗ್ಗಿ, ಗಾಯ ಕೀವಾಗಿ, ದಿನಗಟ್ಟಲೆ ನರಳಿ ಸಾಯುತ್ತದೆ. ಹಳೆಯ ಕೋವಿ ಅಂದರೆ ನ್ಯಾಯದ ಬೇಟೆ ಎನ್ನುವವರು ಈ ಸಾವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊಲದಂಚಿನ ಕೋವಿ

ಹಳೆಯದೋ ಹೊಸದೋ ಎಂಬ ಪ್ರಶ್ನೆ ನಮ್ಮ ಕಾನೂನಿನಲ್ಲೂ ಇದೆ, ಆದರೆ ಬೇಟೆಯ ಮಾತಾಗಿ ಅಲ್ಲ, ಬೆಳೆಯ ಮಾತಾಗಿ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್, ನಿಜವಾಗಿ ಬೆಳೆ ಕಾಯುವುದಕ್ಕೆ ಬೇಕಾದವರಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿ ಕೊಡಬೇಕೆನ್ನುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಕೋವಿಗೂ ಪರವಾನಗಿ ಕೊಡಬಹುದು. ಕಾಡಂಚಿನ ರೈತನ ಕಷ್ಟ ಸುಳ್ಳಲ್ಲ. ರಾಗಿ ತೆನೆಗಟ್ಟುವಾಗ, ಅವರೆ ಹೂಬಿಡುವಾಗ ಹಂದಿ ಜಿಂಕೆಗಳ ಹಿಂಡು ಒಂದೇ ರಾತ್ರಿಯಲ್ಲಿ ಬದುಕು ಬಯಲು ಮಾಡುತ್ತದೆ. ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕೂತವನಿಗೆ ಗುಂಡಿಲ್ಲದ ಬರೀ ಮದ್ದಿನ ಒಂದು ಸದ್ದು ದೊಡ್ಡ ಆಸರೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬೆಳೆಯನ್ನು ದೇವರಿಗೆ ಬಿಡಬೇಕಾದ ಅವನ ಅಳಲಿಗೂ ಕಿವಿಗೊಡಬೇಕು.

ಆದರೆ ಬೆಳೆ ಕಾಯುವ ಪರವಾನಗಿ ಪ್ರಾಣಿ ಕೊಲ್ಲುವ ಪರವಾನಗಿ ಅಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅಪ್ಪಣೆಯಿಲ್ಲದೆ ಹೊಲಕ್ಕೆ ಬಂದ ಜಿಂಕೆಗೂ ಗುಂಡಿಡುವಂತಿಲ್ಲ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನವರು ಪರವಾನಗಿಯ ಕೋವಿಯನ್ನು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕು. ಅಲ್ಲಿ ಹೊಸ ಪರವಾನಗಿಗೂ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. 2022ರ ತಿದ್ದುಪಡಿಯ ನಂತರ ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯದೊಳಗಿನ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ, ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಹಿಡಿದ ಕೋವಿ ಅಜ್ಜನದೋ ನಿನ್ನೆ ಕೊಂಡದ್ದೋ ಎಂದು ಕಾನೂನು ಕೇಳುವುದಿಲ್ಲ.

ಆದ್ದರಿಂದ ನಮ್ಮ ಸೀಮೆಯಲ್ಲಿ ಉತ್ತರ ಸ್ಪಷ್ಟ: ಜಿಂಕೆಗೆ ಹಳೆಯ ಕೋವಿಯೂ ಬೇಡ, ಹೊಸದೂ ಬೇಡ. ಮದ್ದಿನ ಕೋವಿಯ ಕುಶಲತೆ ಉಳಿಯಬೇಕು. ದಸರೆಯ ತೋಪಿನಲ್ಲಿ, ಕೈಲ್‌ಪೊಳ್ದಿನ ಪೂಜೆಯಲ್ಲಿ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯದಲ್ಲಿ, ವಸ್ತುಸಂಗ್ರಹಾಲಯದಲ್ಲಿ, ಪರವಾನಗಿಯಿರುವ ರೈತನ ಅಟ್ಟಣೆಯಲ್ಲಿ ಅದಕ್ಕೆ ಗೌರವದ ಜಾಗವಿದೆ. ಮನೆಯಲ್ಲಿ ಹಿರಿಯರ ಕಾಲದ ಕೋವಿ ಇದ್ದು ಅದಕ್ಕೆ ಕಾಗದಪತ್ರ ಇಲ್ಲದಿದ್ದರೆ ವಕೀಲರನ್ನು ಕಂಡು ಸಕ್ರಮಕ್ಕೆ ದಾರಿಯಿದೆಯೇ ವಿಚಾರಿಸಿ, ಇಲ್ಲವಾದರೆ ಠಾಣೆಗೆ ಒಪ್ಪಿಸಿ. ರೆಸಾರ್ಟಿನಲ್ಲಾಗಲಿ ಸ್ನೇಹಿತರ ತೋಟದಲ್ಲಾಗಲಿ ಕಾಡುಮಾಂಸ ತಟ್ಟೆಗೆ ಬಂದರೆ ಬೇಡವೆನ್ನಿ. ಕೊಳ್ಳುವವರು ಇರುವವರೆಗೆ ಹೊಡೆಯುವವರು ಇರುತ್ತಾರೆ. ರಾತ್ರಿ ಕಾಡಿನ ಕಡೆಯಿಂದ ಈಡಿನ ಸದ್ದು ಕೇಳಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.